ವಿಕಿಯಲ್ಲಿ ಚುಕ್ಕಿ ಪಟ್ಟಿ ಮತ್ತು ಇಂಡೆಂಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡ ವಿಕಿಪೀಡಿಯಕ್ಕೆ ಹೊಸದಾಗಿ ಬಂದವರು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಅರ್ಧದಷ್ಟು ಒಂದೇ ಜಾತಿಯವು. ಚುಕ್ಕಿ ಯಾಕೆ ಬರಲಿಲ್ಲ? ಅಂಕಿ ಯಾಕೆ ಮತ್ತೆ ಒಂದಕ್ಕೆ ಹೋಯಿತು? ನನ್ನ ಉತ್ತರ ಯಾಕೆ ಬೇರೆ ಯಾರದೋ ಮಾತಿನ ಕೆಳಗೆ ಹೋಗಿ ಕೂತಿತು? ಪ್ರತಿ ಸಲ ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ. ಇಲ್ಲಿ ಹೇಳಿರುವುದು ವಿಕಿಪೀಡಿಯ, ವಿಕಿಸೋರ್ಸ್, ವಿಕ್ಷನರಿಗಳಿಗೆ ಮತ್ತು ಮೀಡಿಯಾವಿಕಿ ತಂತ್ರಾಂಶದಲ್ಲಿ ನಡೆಯುವ ಬೇರೆ ವಿಕಿಗಳಿಗೂ ಹೊಂದುತ್ತದೆ. ಓದುತ್ತಾ ಓದುತ್ತಾ ನಿಮ್ಮ ಪ್ರಯೋಗಪುಟದಲ್ಲಿ ಮಾಡಿ ನೋಡಿ. ಬರೀ ಓದಿದರೆ ಇದು ತಲೆಯಲ್ಲಿ ನಿಲ್ಲುವುದಿಲ್ಲ.

ಚುಕ್ಕಿ ಪಟ್ಟಿ ಮಾಡುವುದು ಹೇಗೆ?

ಸಾಲಿನ ಮೊಟ್ಟಮೊದಲ ಅಕ್ಷರವಾಗಿ ನಕ್ಷತ್ರ ಚಿಹ್ನೆ ಹಾಕಿ. ಒಳಗಿನ ಹಂತ ಬೇಕಿದ್ದರೆ ಎರಡು ನಕ್ಷತ್ರ, ಅದರೊಳಗೆ ಇನ್ನೊಂದು ಹಂತ ಬೇಕಿದ್ದರೆ ಮೂರು.

```
* ಕಾವೇರಿ
** ಹೇಮಾವತಿ
** ಕಬಿನಿ
** ಅರ್ಕಾವತಿ
* ಕೃಷ್ಣಾ
** ಮಲಪ್ರಭಾ
** ತುಂಗಭದ್ರಾ
*** ತುಂಗಾ
*** ಭದ್ರಾ
```

ಕಾವೇರಿಯ ಉಪನದಿಗಳು ಕಾವೇರಿಯ ಕೆಳಗೆ ಬಂದವು. ತುಂಗಾ ಮತ್ತು ಭದ್ರಾ ಕೂಡ್ಲಿಯಲ್ಲಿ ಸೇರಿ ತುಂಗಭದ್ರಾ ಆಗುತ್ತವೆ, ಹಾಗಾಗಿ ಅವು ಮೂರನೆಯ ಹಂತದಲ್ಲಿ ನಿಂತವು. ನಕ್ಷತ್ರ ಆದಮೇಲೆ ಒಂದು ಜಾಗ ಬಿಡಲೇಬೇಕು ಅಂತೇನಿಲ್ಲ. ಬಿಟ್ಟರೆ ಸಂಪಾದಿಸುವವರಿಗೆ ಓದಲು ಸುಲಭ, ಅಷ್ಟೇ.

ನಕ್ಷತ್ರ ಹಾಕಿದೆ, ಆದರೂ ಚುಕ್ಕಿ ಬರಲಿಲ್ಲ. ಏನು ತಪ್ಪು?

ನಕ್ಷತ್ರದ ಹಿಂದೆ ಏನೋ ಇದೆ. ಹೆಚ್ಚಿನ ಸಲ ಅದು ಸ್ಪೇಸ್. ಆಗ ಚುಕ್ಕಿಯ ಬದಲು ಇಡೀ ಸಾಲು ಒಂದು ಬೂದು ಪೆಟ್ಟಿಗೆಯೊಳಗೆ, ಟೈಪ್‌ರೈಟರ್ ಅಕ್ಷರದಲ್ಲಿ ಕಾಣುತ್ತದೆ. ಸಾಲಿನ ಆರಂಭದಲ್ಲಿ ಒಂದು ಸ್ಪೇಸ್ ಇದ್ದರೆ ವಿಕಿ ಅದನ್ನು "ಇದ್ದ ಹಾಗೇ ತೋರಿಸು" ಅಂತ ಅರ್ಥ ಮಾಡಿಕೊಳ್ಳುತ್ತದೆ. ಪತ್ರ ಬರೆಯುವಾಗ ಪ್ಯಾರಾದ ಮೊದಲ ಸಾಲಿಗೆ ಜಾಗ ಬಿಡುವ ಅಭ್ಯಾಸ ಇರುವವರಿಗೆ ಇದು ಬಹಳ ಆಗುತ್ತದೆ.

ಕಣ್ಣಿಗೆ ಏನೂ ಕಾಣಿಸದೆ ಇದ್ದರೆ? ಕನ್ನಡದಲ್ಲಿ ಇದು ಇನ್ನೂ ಜಾಸ್ತಿ. ಅರ್ಧಾಕ್ಷರವನ್ನು ಬಿಡಿಸಿ ತೋರಿಸಲು ನಾವು ಒಂದು ಅಗೋಚರ ಅಕ್ಷರ ಬಳಸುತ್ತೇವೆ. ಜೀರೋ ವಿಡ್ತ್ ನಾನ್ ಜಾಯ್ನರ್ ಅಂತ ಅದರ ಹೆಸರು. "ಸಾಫ್ಟ್‌ವೇರ್" ಎಂದು ಸರಿಯಾಗಿ ಬರೆಯಲು ಅದು ಬೇಕೇ ಬೇಕು. ಆದರೆ ಬೇರೆ ಕಡೆಯಿಂದ ಕಾಪಿ ಮಾಡುವಾಗ ಅಥವಾ ಕೀಲಿ ತಪ್ಪಿ ಒತ್ತಿದಾಗ ಅದು ಸಾಲಿನ ತಲೆಯಲ್ಲಿ ಬಂದು ಕೂತರೆ ನಕ್ಷತ್ರ ಎರಡನೆಯ ಅಕ್ಷರವಾಗುತ್ತದೆ. ಆಗ ಪಟ್ಟಿಯೇ ಇಲ್ಲ. ಕರ್ಸರನ್ನು ನಕ್ಷತ್ರದ ಮುಂಚೆ ಇಟ್ಟು ಬ್ಯಾಕ್‌ಸ್ಪೇಸ್ ಒತ್ತುತ್ತಾ ಹಿಂದಿನ ಸಾಲಿನ ಕೊನೆಗೆ ಹೋಗಿ, ಮತ್ತೆ ಎಂಟರ್ ಒತ್ತಿ. ಕಾಣದ್ದು ಏನಿದ್ದರೂ ಅಳಿಸಿಹೋಗುತ್ತದೆ.

ವರ್ಡ್‌ನಿಂದ ಕಾಪಿ ಮಾಡಿದ ಪಟ್ಟಿ ಒಂದೇ ಪ್ಯಾರಾ ಆಗಿಬಿಡುತ್ತದೆ. ಯಾಕೆ?

ವರ್ಡ್‌ನಲ್ಲಿ ಕಾಣುವ "•" ವಿಕಿಗೆ ಬರೀ ಒಂದು ಅಕ್ಷರ. ಸಾಲಿನ ಮುಂದಿನ "-" ಕೂಡ ಅಷ್ಟೇ. ವಾಟ್ಸಾಪ್‌ನಲ್ಲಿ ಅಡ್ಡಗೆರೆ ಹಾಕಿದರೆ ಪಟ್ಟಿ ಆಗುತ್ತದೆ, ವಿಕಿಯಲ್ಲಿ ಆಗುವುದಿಲ್ಲ. ಇಲ್ಲಿ ಪಟ್ಟಿ ಆಗದ ಸಾಲುಗಳ ನಡುವೆ ಒಂದೇ ಎಂಟರ್ ಇದ್ದರೆ ಅವೆಲ್ಲ ಒಂದರ ಹಿಂದೆ ಒಂದು ಅಂಟಿಕೊಂಡು ಪ್ಯಾರಾ ಆಗುತ್ತವೆ. ಪ್ರತಿ "•" ತೆಗೆದು ಅಲ್ಲಿ ನಕ್ಷತ್ರ ಹಾಕಿ. ನಾಲ್ಕು ಅಡ್ಡಗೆರೆ ಸೇರಿಸಿ ಹಾಕಿದರೆ ಪುಟದ ಅಗಲಕ್ಕೂ ಒಂದು ಗೆರೆ ಎಳೆದುಬಿಡುತ್ತದೆ, ಅದೂ ಗೊತ್ತಿರಲಿ.

"೧.", "೨." ಅಂತ ನಾನೇ ಅಂಕಿ ಬರೆದರೆ ಆಗುವುದಿಲ್ಲವಾ?

ಕಾಣಲು ಸರಿಯಾಗಿಯೇ ಕಾಣಬಹುದು. ಆದರೆ ಅದು ಪಟ್ಟಿಯಲ್ಲ, ಅಂಕಿಯಿಂದ ಶುರುವಾಗುವ ಬಿಡಿ ಸಾಲುಗಳು. ನಾಳೆ ಯಾರೋ ಮೂರನೆಯದನ್ನು ಬಿಟ್ಟಿದ್ದಾರೆ ಅಂತ ನೋಡಿ ಅದನ್ನು ಸೇರಿಸಿದರೆ, ಮುಂದಿನ ಅಂಕಿಗಳನ್ನೆಲ್ಲ ಕೈಯಲ್ಲೇ ತಿದ್ದಬೇಕು. ಹತ್ತಾರು ಜನ ಕೈ ಹಾಕುವ ಪುಟದಲ್ಲಿ ಅದು ಆಗುವ ಮಾತಲ್ಲ. ಸಾಲಿನ ತಲೆಗೆ ಹ್ಯಾಶ್ ಹಾಕಿ, ಎಣಿಸುವ ಕೆಲಸವನ್ನು ವಿಕಿಗೆ ಬಿಡಿ.

```
# ಅಶ್ವಿನಿ
# ಭರಣಿ
# ಕೃತ್ತಿಕೆ
# ರೋಹಿಣಿ
# ಮೃಗಶಿರ
# ಆರಿದ್ರ
```

ಇದು ನಮ್ಮ ರೈತರು ಲೆಕ್ಕ ಹಾಕುವ ಮಳೆ ನಕ್ಷತ್ರಗಳ ಸಾಲು. ಇಲ್ಲಿ ಕ್ರಮವೇ ಮುಖ್ಯ. ರೋಹಿಣಿ ಆದಮೇಲೆ ಮೃಗಶಿರ, ಅದಾದಮೇಲೆ ಆರಿದ್ರ. ಕ್ರಮ ಇರುವ ಕಡೆ ಮಾತ್ರ ಹ್ಯಾಶ್ ಬಳಸಿ. ಜಿಲ್ಲೆಯ ತಾಲ್ಲೂಕುಗಳ ಪಟ್ಟಿಗೆ ಅಂಕಿ ಹಾಕಿದರೆ ಒಂದನೆಯದು ಏನೋ ದೊಡ್ಡದು ಅನ್ನಿಸುತ್ತದೆ, ಅಲ್ವಾ? ಅಂಥ ಕಡೆ ಚುಕ್ಕಿ ಸಾಕು.

ಸಾಲುಗಳ ನಡುವೆ ಒಂದೊಂದು ಖಾಲಿ ಸಾಲು ಬಿಟ್ಟರೆ ಚೆನ್ನಾಗಿ ಕಾಣುತ್ತದೆ. ಬಿಡಬಹುದಾ?

ಬೇಡ. ಈ ಇಡೀ ಪುಟದಲ್ಲಿ ಒಂದೇ ಒಂದು ವಿಷಯ ನೆನಪಿಡುತ್ತೇನೆ ಅಂತ ನೀವು ಹೇಳಿದರೆ, ಇದನ್ನೇ ನೆನಪಿಡಿ ಅಂತ ಕೇಳಿಕೊಳ್ಳುತ್ತೇನೆ.

ಖಾಲಿ ಸಾಲು ಸಿಕ್ಕ ಕೂಡಲೇ ವಿಕಿ ಪಟ್ಟಿಯನ್ನು ಮುಗಿಸುತ್ತದೆ. ಮುಂದಿನ ಸಾಲಿನ ನಕ್ಷತ್ರ ಹೊಸ ಪಟ್ಟಿ ಶುರು ಮಾಡುತ್ತದೆ. ಹ್ಯಾಶ್ ಬಳಸಿದ್ದರೆ ಇದು ಕಣ್ಣಿಗೇ ಹೊಡೆಯುತ್ತದೆ.

```
# ಅಶ್ವಿನಿ

# ಭರಣಿ

# ಕೃತ್ತಿಕೆ
```

ಇದನ್ನು ಮುನ್ನೋಟದಲ್ಲಿ ನೋಡಿ. 1 ಅಶ್ವಿನಿ, 1 ಭರಣಿ, 1 ಕೃತ್ತಿಕೆ. ಇಪ್ಪತ್ತೇಳು ನಕ್ಷತ್ರ ಬರೆದರೂ ಎಲ್ಲವೂ ಒಂದನೆಯದೇ! ಅಂಕಿ ಇದ್ದರೆ ತಪ್ಪು ಗೊತ್ತಾಗುತ್ತದೆ, ತಿದ್ದುತ್ತೇವೆ. ಚುಕ್ಕಿ ಪಟ್ಟಿಯಲ್ಲಿ ಅದೇ ತಪ್ಪು ಅಡಗಿ ಕೂರುತ್ತದೆ. ಸಾಲುಗಳ ನಡುವೆ ಸ್ವಲ್ಪ ಜಾಗ ಹೆಚ್ಚಾದಂತೆ ಕಾಣುತ್ತದೆ, ಅಷ್ಟೇ. ಆದರೆ ಒಳಗೆ ಒಂದು ಪಟ್ಟಿ ಹೋಗಿ ಇಪ್ಪತ್ತೇಳು ಪಟ್ಟಿ ಆಗಿರುತ್ತದೆ.

ಒಳಗೆ ಏನಾದರೆ ನಮಗೇನು ಅಂತ ನಾನೂ ಮೊದಲು ಅಂದುಕೊಂಡಿದ್ದೆ. ಕಣ್ಣು ಕಾಣದ ಒಬ್ಬ ಗೆಳೆಯರ ಪಕ್ಕ ಕೂತು, ಅವರ ಕಂಪ್ಯೂಟರ್ ನಾನೇ ಬರೆದ ಪುಟವನ್ನು ಓದುವುದನ್ನು ಕೇಳಿದ ದಿನ ಆ ಮಾತು ಬಿಟ್ಟೆ. ಪರದೆ ಓದುವ ತಂತ್ರಾಂಶ ಪಟ್ಟಿ ಬಂದಾಗ ಮೊದಲೇ ಹೇಳುತ್ತದೆ: ಪಟ್ಟಿ, ಇಷ್ಟು ಅಂಶಗಳು. ಕೇಳುವವರು ಅದರ ಮೇಲೆ ಪೂರ್ತಿ ಕೇಳಬೇಕೋ, ದಾಟಿ ಮುಂದೆ ಹೋಗಬೇಕೋ ಅಂತ ತೀರ್ಮಾನಿಸುತ್ತಾರೆ. ನನ್ನ ಪುಟದಲ್ಲಿ ಅದು ಏನು ಹೇಳಿತು ಗೊತ್ತಾ? ಪಟ್ಟಿ, ಒಂದು ಅಂಶ. ಒಂದು ಹೆಸರು. ಪಟ್ಟಿ ಮುಗಿಯಿತು. ಪಟ್ಟಿ, ಒಂದು ಅಂಶ. ಇನ್ನೊಂದು ಹೆಸರು. ಪಟ್ಟಿ ಮುಗಿಯಿತು. ಹೀಗೇ ಕೊನೆಯವರೆಗೆ. ಗೆಳೆಯರು ಏನೂ ಅನ್ನಲಿಲ್ಲ, ಅವರಿಗೆ ಅಭ್ಯಾಸವಾಗಿತ್ತು. ನನಗೆ ಮಾತ್ರ ತಡೆಯಲಾಗಲಿಲ್ಲ. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ, ಈಸ್ಪೀಕ್ ಎಂಬ ಧ್ವನಿ, ಇವೆರಡರ ಜೊತೆಯಲ್ಲಿ ಕನ್ನಡ ಪುಟಗಳನ್ನು ಕೇಳಿಸಿಕೊಂಡು ಓದಬಹುದು. ನಾವು ಸುಮ್ನೆ ಒತ್ತಿದ ಎಂಟರ್ ಹಾಗೆ ಓದುವವರ ದಾರಿಯಲ್ಲಿ ಕಲ್ಲು ಹಾಕಿದಂತೆ.

ಸಂಪಾದಿಸುವ ಪೆಟ್ಟಿಗೆಯಲ್ಲಿ ಸಾಲುಗಳು ಒತ್ತೊತ್ತಾಗಿ ಕಂಡು ತಿದ್ದಲು ಕಷ್ಟವಾದರೆ ಒಂದು ದಾರಿ ಇದೆ. ಖಾಲಿ ಸಾಲಿನ ಬದಲು, ಆ ಹಂತದ ಗುರುತು ಮಾತ್ರ ಇರುವ ಒಂದು ಸಾಲು ಹಾಕಿ, ಅಂದರೆ ಬರೀ ಒಂದು ನಕ್ಷತ್ರ. ಪಟ್ಟಿ ಮುರಿಯುವುದಿಲ್ಲ, ಓದುಗರಿಗೆ ಅದು ಕಾಣಿಸುವುದೂ ಇಲ್ಲ.

ಒಂದೇ ಅಂಶದಲ್ಲಿ ಎರಡು ಪ್ಯಾರಾ ಬರೆಯಬೇಕು. ಎಂಟರ್ ಒತ್ತಿದರೆ ಚುಕ್ಕಿ ಪಟ್ಟಿ ಮುಗಿದುಹೋಗುತ್ತದೆ.

ಎರಡನೆಯ ಪ್ಯಾರಾವನ್ನು ನಕ್ಷತ್ರ ಮತ್ತು ಕೋಲನ್ ಸೇರಿಸಿ ಶುರು ಮಾಡಿ. ಅಂಕಿ ಪಟ್ಟಿಯಾದರೆ ಹ್ಯಾಶ್ ಮತ್ತು ಕೋಲನ್.

```
# ರೋಹಿಣಿ
#: ಈ ಮಳೆಯ ಬಗ್ಗೆ ಇನ್ನೊಂದು ಮಾತು.
# ಮೃಗಶಿರ
```

ಮೃಗಶಿರಕ್ಕೆ 2 ಅಂತಲೇ ಬರುತ್ತದೆ. ಅಲ್ಲಿ ಹ್ಯಾಶ್ ಬಿಟ್ಟು ಬರೀ ಕೋಲನ್ ಹಾಕಿದ್ದರೆ ಎಣಿಕೆ ಮತ್ತೆ 1ಕ್ಕೆ ಹೋಗುತ್ತಿತ್ತು. ಚಿಕ್ಕದಾಗಿ ಸಾಲು ಮುರಿದರೆ ಸಾಕು ಅನ್ನುವ ಕಡೆ ಬಿಆರ್ ಟ್ಯಾಗ್ (<br>) ಹಾಕಿ ಅದೇ ಸಾಲಿನಲ್ಲಿ ಮುಂದುವರಿಸಿ.

ಅಂಕಿ ಪಟ್ಟಿಯೊಳಗೆ ಚುಕ್ಕಿ ಹಾಕಬಹುದಾ?

ಹಾಕಬಹುದು. ಹೊರಗಿನ ಗುರುತು ಮೊದಲು, ಒಳಗಿನದು ಆಮೇಲೆ.

```
# ವಸಂತ
#* ಚೈತ್ರ
#* ವೈಶಾಖ
# ಗ್ರೀಷ್ಮ
#* ಜ್ಯೇಷ್ಠ
#* ಆಷಾಢ
```

ಎಡದಿಂದ ಬಲಕ್ಕೆ ಓದಿಕೊಳ್ಳಿ. ಅಂಕಿ ಪಟ್ಟಿಯ ಒಳಗೆ ಚುಕ್ಕಿ ಪಟ್ಟಿ. ಹ್ಯಾಶ್ ಬಿಟ್ಟು ಬರೀ ನಕ್ಷತ್ರ ಹಾಕಿದರೆ ಋತುವಿನ ಪಟ್ಟಿ ಅಲ್ಲಿಗೇ ಮುಗಿದು, ಗ್ರೀಷ್ಮ ಕೂಡ ಒಂದನೆಯ ಋತು ಆಗುತ್ತದೆ.

ನನ್ನ ಸಾಲಿಗೆ ಎರಡು ಚುಕ್ಕಿ ಒಟ್ಟೊಟ್ಟಿಗೆ ಬಂದಿವೆ.

ಹಂತ ಹಾರಿದ್ದೀರಿ. ಒಂದು ನಕ್ಷತ್ರದ ಸಾಲಿನ ಕೆಳಗೆ ನೇರವಾಗಿ ಮೂರು ನಕ್ಷತ್ರ ಹಾಕಿದರೆ ನಡುವಿನ ಹಂತ ಖಾಲಿ ಉಳಿದು, ಅದರ ಚುಕ್ಕಿಯೂ ಕಾಣುತ್ತದೆ. ಇಳಿಯುವಾಗ ಒಂದೊಂದೇ ಮೆಟ್ಟಿಲು. ಮೇಲೆ ಬರುವಾಗ ಎಷ್ಟು ಬೇಕಾದರೂ ಹಾರಬಹುದು: ಮೂರು ನಕ್ಷತ್ರ ಆದಮೇಲೆ ಒಂದು ನಕ್ಷತ್ರ ಹಾಕಿದರೆ ತೊಂದರೆ ಇಲ್ಲ.

ಕೋಲನ್ ಹಾಕಿದರೆ ಸಾಲು ಒಳಕ್ಕೆ ಸರಿಯುತ್ತದೆ. ಅದು ಸರಿಯಾದ ಇಂಡೆಂಟ್ ತಾನೇ?

ಸರಿಯುವುದು ನಿಜ. ಆದರೆ ಕೋಲನ್ ಹುಟ್ಟಿದ್ದು ಆ ಕೆಲಸಕ್ಕಲ್ಲ.

ಎಚ್‌ಟಿಎಂಎಲ್‌ನಲ್ಲಿ (ವೆಬ್ ಪುಟಗಳನ್ನು ಬರೆಯುವ ಭಾಷೆ) ಮೊದಲಿನಿಂದಲೂ ಪದಕೋಶದಂಥ ಒಂದು ಪಟ್ಟಿ ಇದೆ. ಒಂದು ಪದ, ಅದರ ಕೆಳಗೆ ಅದರ ವಿವರ. ವಿವರವನ್ನು ಬ್ರೌಸರ್‌ಗಳು ಸ್ವಲ್ಪ ಒಳಕ್ಕೆ ಸರಿಸಿ ತೋರಿಸುತ್ತವೆ. ವಿಕಿಯಲ್ಲಿ ಪದಕ್ಕೆ ಸೆಮಿಕೋಲನ್, ವಿವರಕ್ಕೆ ಕೋಲನ್.

```
; ಉಪನದಿ
: ಇನ್ನೊಂದು ನದಿಗೆ ಹೋಗಿ ಸೇರುವ ನದಿ
; ಸಂಗಮ
: ಎರಡು ನದಿಗಳು ಕೂಡುವ ಜಾಗ
```

ವಿಕಿಪೀಡಿಯ 2001ರಲ್ಲಿ ಶುರುವಾದಾಗ ಯೂಸ್‌ಮಾಡ್‌ವಿಕಿ ಎಂಬ ಚಿಕ್ಕ ತಂತ್ರಾಂಶದ ಮೇಲೆ ನಡೆಯುತ್ತಿತ್ತು. ನಕ್ಷತ್ರ, ಹ್ಯಾಶ್, ಕೋಲನ್, ಸೆಮಿಕೋಲನ್ ನಾಲ್ಕೂ ಆಗಲೇ ಇದ್ದವು. ಕೋಲನ್ ಹಾಕಿದರೆ ಸಾಲು ಸರಿಯುತ್ತದೆ ಅಂತ ಕಂಡ ಜನ, ಪದವಿಲ್ಲದೆ ವಿವರವನ್ನು ಮಾತ್ರ ಇಟ್ಟುಕೊಂಡು ಚರ್ಚೆಗೆ ಬಳಸಿದರು. ಅದೇ ರೂಢಿಯಾಯಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಗುವ ಹೊತ್ತಿಗೆ ತಂತ್ರಾಂಶ ಬದಲಾಗಿತ್ತು, ರೂಢಿ ಮಾತ್ರ ಹಾಗೇ ಉಳಿದಿತ್ತು.

ಚರ್ಚೆಪುಟದಲ್ಲಿ ಈಗ ಇದನ್ನು ಬದಲಿಸಲು ಹೋಗುವುದು ಬೇಡ. ಎಲ್ಲರಿಗೂ ಅಭ್ಯಾಸವಾಗಿದೆ. ಆದರೆ ಲೇಖನದೊಳಗೆ ಅಂದಕ್ಕಾಗಿ ಕೋಲನ್ ಹಾಕಬೇಡಿ. ಯಾರದಾದರೂ ಮಾತನ್ನು ಉದ್ಧರಿಸುವುದಾದರೆ ಅದಕ್ಕೆ ಉಲ್ಲೇಖದ ಟೆಂಪ್ಲೇಟ್ (ಒಮ್ಮೆ ಬರೆದಿಟ್ಟು ಹಲವು ಪುಟಗಳಲ್ಲಿ ಬಳಸುವ ಅಚ್ಚು) ಅಥವಾ ಬ್ಲಾಕ್‌ಕೋಟ್ ಟ್ಯಾಗ್ ಇದೆ. ಪ್ಯಾರಾದ ಮೊದಲ ಸಾಲನ್ನು ಒಳಕ್ಕೆ ಸರಿಸುವ ಅಗತ್ಯವೇ ಇಲ್ಲ. ಪ್ಯಾರಾಗಳ ನಡುವೆ ಒಂದು ಖಾಲಿ ಸಾಲು ಸಾಕು.

ಸೆಮಿಕೋಲನ್ ಹಾಕಿದರೆ ಅಕ್ಷರ ದಪ್ಪ ಆಗುತ್ತದೆ. ಚಿಕ್ಕ ಶೀರ್ಷಿಕೆಗೆ ಬಳಸಲಾ?

ಬೇಡ. ಶೀರ್ಷಿಕೆಗೆ ಸಮ ಚಿಹ್ನೆಗಳಿವೆ, ಎರಡೂ ಕಡೆ ಎರಡೆರಡು ಅಥವಾ ಮೂರು ಮೂರು. ಪರಿವಿಡಿಯಲ್ಲಿ ಬರುವುದು ಅವು ಮಾತ್ರ. ಇನ್ನೊಂದು ಕಷ್ಟವೂ ಇದೆ. ಸೆಮಿಕೋಲನ್‌ನಿಂದ ಶುರುವಾದ ಸಾಲಿನಲ್ಲಿ ಮುಂದೆಲ್ಲಾದರೂ ಕೋಲನ್ ಬಂದರೆ ಸಾಲು ಅಲ್ಲಿಗೆ ಮುರಿಯುತ್ತದೆ. "ಸಮಯ 10:30" ಅಂತ ಬರೆದರೆ "ಸಮಯ 10" ಮೇಲೆ ದಪ್ಪವಾಗಿ, "30" ಕೆಳಗೆ ಒಂಟಿಯಾಗಿ.

ಚರ್ಚೆಯಲ್ಲಿ ಉತ್ತರ ಬರೆಯುವಾಗ ಎಷ್ಟು ಕೋಲನ್ ಹಾಕಬೇಕು?

ಎಣಿಸಲು ಹೋಗಬೇಡಿ. ಯಾರಿಗೆ ಉತ್ತರ ಕೊಡುತ್ತಿದ್ದೀರೋ ಅವರ ಸಾಲಿನ ತಲೆಯಲ್ಲಿ ಏನಿದೆ ನೋಡಿ. ಅದನ್ನು ಹಾಗೇ ಕಾಪಿ ಮಾಡಿ, ಕೊನೆಗೆ ಒಂದು ಗುರುತು ಸೇರಿಸಿ. ಇಷ್ಟೇ ನಿಯಮ. ಅರಳಿಕಟ್ಟೆಯಲ್ಲಿ, ಅಂದರೆ ಎಲ್ಲರೂ ಸೇರಿ ಚರ್ಚಿಸುವ ಪುಟದಲ್ಲಿ, ನಡೆಯಬಹುದಾದ ಒಂದು ಮಾತುಕತೆ ಹೀಗಿರುತ್ತದೆ:

```
* ಮುಂದಿನ ಸಂಪಾದನೋತ್ಸವ ಮೈಸೂರಿನಲ್ಲಿ ಆಗಲಿ. ~~~~
*: ಭಾನುವಾರವಾದರೆ ನಾನೂ ಬರುತ್ತೇನೆ. ~~~~
*:: ಭಾನುವಾರವೇ ಇಟ್ಟುಕೊಳ್ಳೋಣ. ~~~~
* ಧಾರವಾಡದಲ್ಲೂ ಒಂದು ಮಾಡಬೇಕು. ~~~~
```

ಮೊದಲಿನವರು ನಕ್ಷತ್ರದಿಂದ ಶುರು ಮಾಡಿದ್ದಾರೆ. ಹಾಗಾಗಿ ಕೆಳಗಿನ ಎಲ್ಲರೂ ನಕ್ಷತ್ರವನ್ನು ಉಳಿಸಿಕೊಂಡೇ ಮುಂದೆ ಹೋಗಿದ್ದಾರೆ. ಎರಡನೆಯವರು "*:" ಬದಲು ":*" ಅಥವಾ "::" ಹಾಕಿದ್ದರೂ ಕಣ್ಣಿಗೆ ಹೆಚ್ಚು ಕಡಿಮೆ ಅಷ್ಟೇ ಒಳಕ್ಕೆ ಕಾಣುತ್ತಿತ್ತು. ಆದರೆ ಸಾಲಿನ ಮೊದಲ ಗುರುತೇ ಬದಲಾದ್ದರಿಂದ ವಿಕಿ ಹಳೆಯ ಪಟ್ಟಿಯನ್ನು ಪೂರ್ತಿ ಮುಚ್ಚಿ ಬೇರೆ ಜಾತಿಯ ಪಟ್ಟಿ ತೆರೆಯುತ್ತಿತ್ತು. ಕಿವಿಯಲ್ಲಿ ಓದುವವರಿಗೆ ಇದು ಉತ್ತರ ಅಂತಲೇ ತಿಳಿಯುತ್ತಿರಲಿಲ್ಲ. ಎಷ್ಟೋ ವರ್ಷದ ಅನುಭವಿಗಳೂ ಇಲ್ಲಿ ಎಡವುತ್ತಾರೆ.

ಕೊನೆಗೆ ನಾಲ್ಕು ಟಿಲ್ಡೆ ಹಾಕಿದರೆ ಸಹಿ ಮತ್ತು ಸಮಯ ತಾನಾಗೇ ಬರುತ್ತದೆ. ಸಹಿಯನ್ನು ಬೇರೆ ಸಾಲಿಗೆ ಇಳಿಸಬೇಡಿ. ಇಳಿಸಿದರೆ ಆ ಸಾಲಿಗೆ ಇಂಡೆಂಟ್ ಇಲ್ಲದೆ ಸಹಿ ಎಡಕ್ಕೆ ಹೋಗಿ ನಿಲ್ಲುತ್ತದೆ.

ಈಗ ಪ್ರತಿಯೊಬ್ಬರ ಮಾತಿನ ಕೊನೆಗೂ ಉತ್ತರ ಕೊಡಲು ಒಂದು ಕೊಂಡಿ ಇರುತ್ತದೆ. ಅದನ್ನು ಒತ್ತಿ ಬರೆದರೆ ಗುರುತುಗಳನ್ನೂ ಸಹಿಯನ್ನೂ ಅದೇ ಹಾಕಿಕೊಳ್ಳುತ್ತದೆ. ಹೊಸಬರು ಅದನ್ನೇ ಬಳಸಿ ಅಂತ ನನ್ನ ಸಲಹೆ. ಮೊಬೈಲಿನಲ್ಲಂತೂ ಅದು ದೊಡ್ಡ ಉಪಕಾರ.

ಮತ ಹಾಕುವ ಕಡೆ ಅಂಕಿ ಪಟ್ಟಿ ಇರುತ್ತದೆ. ಅಲ್ಲಿ ಒಬ್ಬರ ಮತಕ್ಕೆ ಪ್ರತಿಕ್ರಿಯೆ ಬರೆದರೆ ಎಣಿಕೆ ಕೆಡುತ್ತದೆ.

"#:" ಬಳಸಿ. ನಿರ್ವಾಹಕರ ಆಯ್ಕೆಯಂಥ ಕಡೆ ಅಂಕಿ ನೋಡಿಯೇ ಜನ ಎಷ್ಟು ಬೆಂಬಲ ಬಂತು ಅಂತ ಲೆಕ್ಕ ಹಾಕುತ್ತಾರೆ. ಒಂದು ಬರೀ ಕೋಲನ್ ಬಂದರೆ ಹನ್ನೊಂದನೆಯ ಮತ ಒಂದನೆಯದಾಗಿ ಕಾಣುತ್ತದೆ.

ಚರ್ಚೆ ಬಹಳ ಒಳಕ್ಕೆ ಹೋಗಿ ಮೊಬೈಲಿನಲ್ಲಿ ಸಾಲಿಗೆ ಎರಡು ಪದ ಮಾತ್ರ ಕಾಣುತ್ತಿದೆ.

ಕನ್ನಡದ ಪದಗಳು ಉದ್ದ, ಹಾಗಾಗಿ ನಮಗೆ ಈ ಕಷ್ಟ ಬೇಗ ಬರುತ್ತದೆ. ಎಡಕ್ಕೆ ವಾಪಸ್ ಬಂದು ಹೊಸದಾಗಿ ಶುರು ಮಾಡಬಹುದು. ಇದಕ್ಕೆ ಔಟ್‌ಡೆಂಟ್ ಎಂಬ ಟೆಂಪ್ಲೇಟ್ ಇದೆ. ಮೇಲಿನ ಮಾತಿನಿಂದ ಕೆಳಗಿನ ಮಾತಿಗೆ ಒಂದು ಗೆರೆ ಎಳೆದು, ಇದು ಅದರದೇ ಮುಂದುವರಿಕೆ ಅಂತ ತೋರಿಸುತ್ತದೆ. ನೀವು ಬರೆಯುವ ವಿಕಿಯಲ್ಲಿ ಆ ಟೆಂಪ್ಲೇಟ್ ಇಲ್ಲದಿದ್ದರೆ, ಯಾರಿಗೆ ಹೇಳುತ್ತಿದ್ದೀರಿ ಅಂತ ಅವರ ಹೆಸರು ಬರೆದು ಎಡದಿಂದಲೇ ಶುರು ಮಾಡಿ.

ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಈ ಗುರುತುಗಳೇ ಸಿಗುವುದಿಲ್ಲ!

ನಿಜ, ಇದು ಇನ್‌ಸ್ಕ್ರಿಪ್ಟ್‌ನಲ್ಲಿ ಬರೆಯುವವರ ನಿಜವಾದ ಕಷ್ಟ. ಸೆಮಿಕೋಲನ್ ಇರುವ ಕೀಲಿಯಲ್ಲಿ "ಚ" ಬರುತ್ತದೆ, ಶಿಫ್ಟ್ ಹಿಡಿದು ಕೋಲನ್ ಒತ್ತಿದರೆ "ಛ". ವಿಂಡೋಸ್‌ನ ಕನ್ನಡ ಕೀಲಿಮಣೆಯಲ್ಲಿ ಹ್ಯಾಶ್ ಒತ್ತಿದರೆ ರ-ಒತ್ತು, ನಕ್ಷತ್ರ ಒತ್ತಿದರೆ "ಶ್ರ", ಟಿಲ್ಡೆ ಒತ್ತಿದರೆ "ಒ". ವಿಕಿಯ ನಾಲ್ಕು ಮುಖ್ಯ ಗುರುತುಗಳ ಜೊತೆಗೆ ಸಹಿಯೂ ಹೋಯಿತು. ಲಿಪ್ಯಂತರ ಅಥವಾ ನುಡಿ ವಿನ್ಯಾಸದಲ್ಲಿ ಬರೆಯುವವರಿಗೆ ಈ ತೊಂದರೆ ಕಡಿಮೆ.

ವಿಕಿಯ ಒಳಗೇ ಇರುವ ಕನ್ನಡ ಟೈಪಿಂಗ್ ಬಳಸುತ್ತಿದ್ದರೆ ಕಂಟ್ರೋಲ್ ಮತ್ತು ಎಂ ಒಟ್ಟಿಗೆ ಒತ್ತಿ ಇಂಗ್ಲಿಷಿಗೆ ಹೋಗಿ, ಗುರುತು ಹಾಕಿ, ಮತ್ತೆ ಒತ್ತಿ ಕನ್ನಡಕ್ಕೆ ಬನ್ನಿ. ನಾಲ್ಕೈದು ದಿನದಲ್ಲಿ ಬೆರಳಿಗೆ ಅಭ್ಯಾಸವಾಗುತ್ತದೆ. ಇಲ್ಲವೇ ಮೊದಲು ಪಟ್ಟಿಯ ಪದಗಳನ್ನೆಲ್ಲ ಸಾಲಾಗಿ ಬರೆದು, ಅವನ್ನು ಆಯ್ಕೆ ಮಾಡಿ, ಮೇಲಿನ ಟೂಲ್‌ಬಾರಿನ ಚುಕ್ಕಿ ಪಟ್ಟಿಯ ಗುಂಡಿ ಒತ್ತಿ.

ಕೋಲನ್ ಹಾಕಿದ್ದೇನೆ, ಸಾಲು ಸರಿಯುತ್ತಿಲ್ಲ. ಬದಲಿಗೆ ಚುಕ್ಕೆಗಳ ಒಂದು ವೃತ್ತ ಕಾಣುತ್ತಿದೆ.

ನೀವು ಹಾಕಿದ್ದು ಕೋಲನ್ ಅಲ್ಲ, ವಿಸರ್ಗ. "ಃ" ಮತ್ತು ":" ನೋಡಲು ಅಣ್ಣತಮ್ಮಂದಿರಂತೆ ಇವೆ. ವಿಸರ್ಗಕ್ಕೆ ಹಿಂದೆ ಒಂದು ಅಕ್ಷರ ಬೇಕು. ಇಲ್ಲದಿದ್ದರೆ ಆ ಜಾಗಕ್ಕೆ ಚುಕ್ಕೆ ವೃತ್ತ ಬರುತ್ತದೆ. ಇದರ ತಿರುಗುಮುರುಗು ತಪ್ಪು ಇನ್ನೂ ಜಾಸ್ತಿ: "ಅಂತಃಪುರ" ಬರೆಯಲು ನಡುವೆ ಕೋಲನ್ ಹಾಕುವುದು. ಹಾಗೆ ಬರೆದ ಪದ ಹುಡುಕಾಟದಲ್ಲಿ ಸಿಗುವುದಿಲ್ಲ. ದಯವಿಟ್ಟು ಎರಡನ್ನೂ ಬೇರೆ ಬೇರೆಯಾಗಿಯೇ ಬರೆಯಿರಿ.

ದೃಶ್ಯ ಸಂಪಾದಕದಲ್ಲಿ ಬರೆದರೆ ಇದೆಲ್ಲ ತಲೆನೋವು ಇಲ್ಲ ಅಲ್ವಾ?

ಬಹಳಷ್ಟು ಇಲ್ಲ. ಅದರಲ್ಲಿ ಗುರುತುಗಳನ್ನು ಬರೆಯದೆ, ಪುಟ ಕಾಣುವ ಹಾಗೇ ತಿದ್ದುತ್ತೇವೆ. ಪಟ್ಟಿಯ ಗುಂಡಿ ಇದೆ. ಟ್ಯಾಬ್ ಒತ್ತಿದರೆ ಒಂದು ಹಂತ ಒಳಕ್ಕೆ, ಶಿಫ್ಟ್ ಹಿಡಿದು ಟ್ಯಾಬ್ ಒತ್ತಿದರೆ ಒಂದು ಹಂತ ಹೊರಕ್ಕೆ. ಲೇಖನ ಬರೆಯಲು ಅದನ್ನು ಖುಷಿಯಿಂದ ಬಳಸಿ. ಆದರೂ ಗುರುತುಗಳನ್ನು ಕಲಿಯುವುದು ಒಳ್ಳೆಯದು. ಚರ್ಚೆಪುಟಗಳು, ಟೆಂಪ್ಲೇಟುಗಳು, ಹಳೆಯ ಪುಟಗಳ ದುರಸ್ತಿ ಎಲ್ಲ ಕಡೆ ಮೂಲ ಪಠ್ಯವನ್ನೇ ನೋಡಬೇಕಾಗುತ್ತದೆ.

ಪಟ್ಟಿಯ ನಡುವೆ ಚಿತ್ರ ಹಾಕಿದರೆ ಪಟ್ಟಿ ಒಡೆಯುತ್ತದೆ.

ಚಿತ್ರದ ಸಾಲು ನಕ್ಷತ್ರದಿಂದ ಶುರುವಾಗುವುದಿಲ್ಲವಲ್ಲ, ಅದಕ್ಕೇ. ಚಿತ್ರವನ್ನು ಪಟ್ಟಿಯ ಮುಂಚೆ ಇಡಿ, ಬಲಕ್ಕೆ ಇಡಿ. ಎಡಕ್ಕೆ ಇಟ್ಟರೆ ಚುಕ್ಕಿಗಳು ಚಿತ್ರದ ಮೇಲೆ ಹೋಗಿ ಮರೆಯಾಗಬಹುದು.

ನಿಜವಾಗಿಯೂ ನಕ್ಷತ್ರವೇ ಕಾಣಬೇಕು, ಚುಕ್ಕಿ ಬೇಡ. ಏನು ಮಾಡಲಿ?

ಆ ಗುರುತನ್ನು ನೋವಿಕಿ ಟ್ಯಾಗಿನೊಳಗೆ ಇಡಿ: <nowiki>*</nowiki>. ಈ ಪುಟದ ಉದಾಹರಣೆಗಳಂಥ ಕಡೆ ಅದು ಬೇಕಾಗುತ್ತದೆ. ಸಾಲಿನ ನಡುವೆ ಬರುವ ನಕ್ಷತ್ರಕ್ಕೆ ಏನೂ ಮಾಡಬೇಕಾಗಿಲ್ಲ.

ಟೆಂಪ್ಲೇಟಿನ ಒಳಗೆ ಪಟ್ಟಿ ಹಾಕಿದರೆ ಮೊದಲ ಅಂಶಕ್ಕೆ ಚುಕ್ಕಿ ಬರುತ್ತಿಲ್ಲ.

ಟೆಂಪ್ಲೇಟ್ ಆ ಪಟ್ಟಿಯನ್ನು ಸಾಲಿನ ನಡುವೆ ಇಟ್ಟಿರುತ್ತದೆ, ಹಾಗಾಗಿ ಮೊದಲ ನಕ್ಷತ್ರ ಸಾಲಿನ ತಲೆಯಲ್ಲಿ ಇರುವುದಿಲ್ಲ. ಸಮ ಚಿಹ್ನೆ ಆದಮೇಲೆ ಬರೀ ಎಂಟರ್ ಒತ್ತಿದರೆ ವಿಕಿ ಅದನ್ನು ತೆಗೆದುಹಾಕುತ್ತದೆ, ಹಾಗಾಗಿ ಒಂದು ಖಾಲಿ ನೋವಿಕಿ ಟ್ಯಾಗ್ (<nowiki/>) ಹಾಕಿ ಎಂಟರ್ ಒತ್ತಿ, ಹೊಸ ಸಾಲಿನಿಂದ ಪಟ್ಟಿ ಶುರು ಮಾಡಿ. ಆದರೂ ಸರಿಹೋಗದಿದ್ದರೆ ಆ ಟೆಂಪ್ಲೇಟ್ ಒಳಗೆ ಪಟ್ಟಿಗೆ ಅವಕಾಶ ಕೊಟ್ಟಿಲ್ಲ ಅಂತ ಅರ್ಥ. ಅದರ ಚರ್ಚೆಪುಟದಲ್ಲಿ ಕೇಳಿ.

ಲೇಖನವನ್ನೆಲ್ಲ ಚುಕ್ಕಿ ಹಾಕಿಯೇ ಬರೆದರೆ ತಪ್ಪಾ?

ನಿಯಮದ ಪ್ರಕಾರ ಪುಟ ಅಳಿಸುವಂಥ ತಪ್ಪಲ್ಲ. ಆದರೆ ನನ್ನ ಮನಸ್ಸಿಗೆ ಬಹಳ ಬೇಸರ ತರುವ ವಿಷಯ ಇದು. ವಿದ್ಯಾರ್ಥಿಗಳು ಪರೀಕ್ಷೆಯ ನೋಟ್ಸ್ ಬರೆದ ಹಾಗೆ ಒಂದು ಊರಿನ ಬಗ್ಗೆ ಬರೆಯುತ್ತಾರೆ. ಊರು ಇಂಥ ತಾಲ್ಲೂಕಿನಲ್ಲಿದೆ, ಒಂದು ಚುಕ್ಕಿ. ಕೆರೆ ಇದೆ, ಒಂದು ಚುಕ್ಕಿ. ರಾಗಿ ಬೆಳೆಯುತ್ತಾರೆ, ಇನ್ನೊಂದು ಚುಕ್ಕಿ. ಕೆರೆಗೂ ಬೆಳೆಗೂ ಇರುವ ನಂಟನ್ನು ಹೇಳುವ "ಆದ್ದರಿಂದ", "ಆದರೂ", "ಅಲ್ಲಿಂದ" ಎಂಬ ಪದಗಳೇ ಇಲ್ಲ. ಓದುಗರು ಅದನ್ನು ತಾವೇ ಊಹಿಸಬೇಕು. ಒಂದೇ ಜಾತಿಯ ಸಂಗತಿಗಳಿದ್ದರೆ, ಹಳ್ಳಿಗಳ ಹೆಸರು, ನದಿಗಳ ಹೆಸರು, ಹಂತಗಳು, ಆಗ ಪಟ್ಟಿ ಮಾಡಿ. ಒಂದರಿಂದ ಇನ್ನೊಂದು ಹುಟ್ಟುವ ಮಾತಿದ್ದರೆ ಪ್ಯಾರಾ ಬರೆಯಿರಿ. ಹಾಗೆ ಬಂದ ಚುಕ್ಕಿಗಳನ್ನು ಪ್ಯಾರಾ ಮಾಡುವುದು ನನಗೆ ವಿಕಿಯ ಎಲ್ಲ ಕೆಲಸಗಳಿಗಿಂತ ಪ್ರೀತಿಯ ಕೆಲಸ.

ವಿಕಿಸೋರ್ಸ್‌ನಲ್ಲಿ ಪದ್ಯ ಹಾಕುತ್ತಿದ್ದೇನೆ. ಷಟ್ಪದಿಯ ಸಾಲುಗಳನ್ನು ಒಳಕ್ಕೆ ಸರಿಸಲು ಕೋಲನ್ ಬಳಸಲಾ?

ಪೊಯೆಮ್ ಟ್ಯಾಗಿನೊಳಗೆ (<poem>) ಇಟ್ಟು ಬಳಸಿ, ಹೊರಗೆ ಬೇಡ. ಷಟ್ಪದಿಯಲ್ಲಿ ಮೂರನೆಯ ಮತ್ತು ಆರನೆಯ ಸಾಲು ಉದ್ದ. ಅಚ್ಚಿನ ಪುಸ್ತಕದಲ್ಲಿ ಸಾಲುಗಳನ್ನು ಹಿಂದೆ ಮುಂದೆ ಸರಿಸಿದ್ದರೆ ಅದನ್ನು ಹಾಗೇ ಉಳಿಸಬೇಕು ಅನ್ನಿಸುವುದು ಸರಿಯೇ. ಪೊಯೆಮ್ ಟ್ಯಾಗಿನೊಳಗೆ ಪ್ರತಿ ಎಂಟರ್ ಸಾಲಾಗಿಯೇ ಉಳಿಯುತ್ತದೆ, ಮುಂದಿನ ಸ್ಪೇಸ್ ಕೂಡ ಉಳಿಯುತ್ತದೆ. ಬೂದು ಪೆಟ್ಟಿಗೆ ಬರುವುದಿಲ್ಲ. ಅಲ್ಲಿ ಹಾಕಿದ ಕೋಲನ್ ಪಟ್ಟಿ ಆಗದೆ, ಆ ಸಾಲನ್ನು ಸರಿಸುವ ಕೆಲಸ ಮಾತ್ರ ಮಾಡುತ್ತದೆ.

ಬೇರೆಯವರು ಚರ್ಚೆಪುಟದಲ್ಲಿ ತಪ್ಪಾಗಿ ಇಂಡೆಂಟ್ ಮಾಡಿದ್ದರೆ ನಾನು ತಿದ್ದಬಹುದಾ?

ಗುರುತುಗಳನ್ನು ತಿದ್ದಬಹುದು, ಮಾತನ್ನು ಮುಟ್ಟಬಾರದು. ಕಾಗುಣಿತದ ತಪ್ಪಿದ್ದರೂ ಅದು ಅವರ ಮಾತು, ಹಾಗೇ ಇರಲಿ. ಸಾಲುಗಳ ಹಿಂದು ಮುಂದು ಬದಲಿಸಬೇಡಿ. ಯಾರು ಯಾರಿಗೆ ಉತ್ತರ ಕೊಟ್ಟರು ಎಂಬುದು ತಿರುಚಿಹೋಗಬಾರದು. ಸಂಪಾದನೆಯ ಸಾರಾಂಶದಲ್ಲಿ "ಪಟ್ಟಿಯ ಗುರುತು ಸರಿಪಡಿಸಿದೆ" ಅಂತ ಬರೆಯಿರಿ. ಹೊಸಬರಾದರೆ ಅವರ ಚರ್ಚೆಪುಟಕ್ಕೆ ಹೋಗಿ ಎರಡು ಸಾಲಿನಲ್ಲಿ ಏನು ಮಾಡಿದಿರಿ, ಯಾಕೆ ಮಾಡಿದಿರಿ ಅಂತ ಹೇಳಿ. ಅವರ ಮಾತಿಗೆ ಉತ್ತರ ಬರೆಯುವಾಗ ಸಾಲಿನ ತಲೆಯಲ್ಲಿ ಏನಿದೆ ಅಂತ ನೋಡಿಕೊಳ್ಳಿ.